ಫಿಸಿಯೋಥೆರಪಿ ಬಿಟ್ಟ ಮಗಳ ಫೀಸು

ನಾನು ಕೊಲ್ಲೂರಿನ ಒಂದು ಲಾಡ್ಜಿನಲ್ಲಿ ಮ್ಯಾನೇಜರ್. ದೇವಸ್ಥಾನಕ್ಕೆ ಬರುವ ಯಾತ್ರಿಗಳಿಗೆ ರೂಮು ಕೊಡುವುದು ನನ್ನ ಕೆಲಸದ ಸಣ್ಣ ಭಾಗ. ಕಟ್ಟಿದ ಅಡ್ವಾನ್ಸನ್ನು ವಾಪಸ್ ಕೇಳುವವರಿಗೆ ಬೇಜಾರಾಗದ ಹಾಗೆ ಇಲ್ಲ ಅನ್ನುವುದೇ ದೊಡ್ಡ ಭಾಗ. ‘ಅಡ್ವಾನ್ಸ್ ಹಿಂದಿರುಗಿಸಲಾಗುವುದಿಲ್ಲ’ ಎಂದು ಗೋಡೆಯ ಮೇಲೆ ಕನ್ನಡ, ಮಲಯಾಳಂ, ತಮಿಳು, ಇಂಗ್ಲಿಷಿನಲ್ಲಿ ಬರೆಸಿದ್ದೇವೆ. ಅದನ್ನು ಯಾರೂ ಓದುವುದಿಲ್ಲ. ಓದಿದವರು ಅದು ಬೇರೆಯವರಿಗೆ ಬರೆದದ್ದು ಅಂದುಕೊಳ್ಳುತ್ತಾರೆ.

ಹಾಗಾಗಿ ಬಾಯಲ್ಲೇ ಹೇಳಬೇಕು, ಅದಕ್ಕೊಂದು ಕ್ರಮವಿದೆ. ಮೊದಲು ಕಂಪ್ಯೂಟರಿನ ಪರದೆ ನೋಡಿ ನಿಟ್ಟುಸಿರು ಬಿಡಬೇಕು. ಆಮೇಲೆ ಊರು ಯಾವುದೆಂದು ಕೇಳಬೇಕು. ಮಗುವಿದ್ದರೆ ಅದರ ಗಲ್ಲ ಮುಟ್ಟಬೇಕು. ಟೀ ತರಿಸಬೇಕು. ಧಣಿಗಳು ಬೈಂದೂರಿಗೆ ಹೋಗಿದ್ದಾರೆ, ಬಂದ ಕೂಡಲೇ ಕೇಳುತ್ತೇನೆ ಅನ್ನಬೇಕು. ಧಣಿಗಳು ಮೇಲಿನ ಮಹಡಿಯಲ್ಲಿ ಮಲಗಿರುತ್ತಾರೆ. ಟೀ ಮುಗಿಯುವ ಹೊತ್ತಿಗೆ ಮುಕ್ಕಾಲು ಜನ ತಣ್ಣಗಾಗಿ ದರ್ಶನಕ್ಕೆ ಹೋಗಿಬಿಡುತ್ತಾರೆ. ಇಷ್ಟು ವರ್ಷಗಳಲ್ಲಿ ನಾನು ಸೋತದ್ದು ಒಂದೇ ಥರದ ಗಿರಾಕಿಗಳಿಗೆ. ಅವರ ಮಾತು ಮುಂದೆ ಬರುತ್ತದೆ.

ನಮ್ಮ ಮನೆ ವಂಡ್ಸೆಯಲ್ಲಿ. ಇರುವುದು ಒಬ್ಬಳೇ ಮಗಳು. ಕುಂದಾಪುರದಲ್ಲಿ ಸೈನ್ಸ್ ಪಿಯುಸಿ ಮುಗಿಸಿ, ಹೊಗಳುವಷ್ಟೂ ಅಲ್ಲದ, ಬೈಯುವಷ್ಟೂ ಅಲ್ಲದ ಮಾರ್ಕು ತಂದಿದ್ದಳು. ಮುಂದೆ ಏನು ಓದಿಸುವುದು ಎಂಬ ಚರ್ಚೆಗೆ ಬೈಂದೂರಿನಿಂದ ನನ್ನ ಹೆಂಡತಿಯ ಅಣ್ಣ ಬಂದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವರು ಮುಂಬಯಿಯಲ್ಲಿ ಬಹಳ ವರ್ಷ ಕ್ಯಾಂಟೀನು ನಡೆಸಿ ಊರಿಗೆ ಮರಳಿದವರು. ಕ್ಯಾಂಟೀನಿಗೆ ಎಲ್ಲ ಥರದ ಜನ ಬರುತ್ತಿದ್ದುದರಿಂದ ತನಗೆ ಎಲ್ಲ ವಿಷಯವೂ ಗೊತ್ತು ಎಂಬುದು ಅವರ ನಂಬಿಕೆ.

“ಕಾಣಿ ಭಾವ, ಡಾಕ್ಟ್ರಾಪುಕೆ ಮಾರ್ಕ್ ಸಾಲ. ಫಿಸಿಯೋಥೆರಪಿ ಮಾಡ್ಸಿ. ಬೈಂದೂರಂಗೆ ಬೆನ್ನ್ ನೋವ್ ಇಲ್ದಿದ್ದ್ ಒಬ್ರನ್ನ್ ತೋರ್ಸಿ ಕಾಂಬ!”

ನನಗೆ ಬೆನ್ನು ನೋವಿತ್ತು. ಹೆಂಡತಿಗೆ ಮೊಣಕಾಲು. ಭಾವನಿಗೆ ಎರಡೂ. ಮೂವರೂ ಮುಖ ಮುಖ ನೋಡಿಕೊಂಡೆವು. ಮಗಳ ಭವಿಷ್ಯ ಅಲ್ಲಿಗೆ ತೀರ್ಮಾನವಾಯಿತು. ಅವಳನ್ನು ಕೇಳಲಿಲ್ಲ ಎಂದಲ್ಲ. ಬಿಳಿ ಕೋಟು ಹಾಕಲಿಕ್ಕುಂಟಾ ಅಂತ ಕೇಳಿದಳು. ಉಂಟು ಅಂದೆವು. ಹಾಗಾದರೆ ಅಡ್ಡಿಯಿಲ್ಲ ಅಂದಳು.

ಎಲ್ಲಿಯದೋ ಒಂದು ಖಾಸಗಿ ವಿಶ್ವವಿದ್ಯಾಲಯ ಆಗಷ್ಟೇ ಬ್ರಹ್ಮಾವರದ ಹೊರಗೆ ಹೊಸ ಕ್ಯಾಂಪಸ್ ತೆರೆದಿತ್ತು. ಅದರ ಹೆಸರು ಇಲ್ಲಿ ಬೇಡ. ಅಡ್ಮಿಶನ್ ದಿನ ಮಗಳ ಕೈಯಲ್ಲಿ ಕೇಕ್ ಕತ್ತರಿಸಿದರು, ನಮ್ಮೆಲ್ಲರನ್ನೂ ಒಂದು ದೊಡ್ಡ ಬಣ್ಣದ ಚೌಕಟ್ಟಿನೊಳಗೆ ನಿಲ್ಲಿಸಿ ಫೋಟೋ ತೆಗೆದರು. ವಿಶ್ವವಿದ್ಯಾಲಯದ ಹೆಸರು ಬರೆದ ಒಂದು ಬ್ಯಾಗು, ಒಂದು ನೀರಿನ ಬಾಟಲಿ, ಒಂದು ಕೊಡೆ ಕೊಟ್ಟರು. ಹೆಂಡತಿ ಕಟ್ಟುತ್ತಿದ್ದ ಚೀಟಿಯ ಹಣ ಅಷ್ಟೂ ನನ್ನ ಮೊಬೈಲಿನಿಂದ ಅವರ ಖಾತೆಗೆ ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ಹೋದ ವೇಗ ಕಂಡು, ಅದೇ ಕಸುಬಿನವನಾದ ನನಗೆ ಅವರ ಮೇಲೆ ಗೌರವವೇ ಹುಟ್ಟಿತು.

“ಕೊಡೆ ಗಟ್ಟಿ ಇತ್ತ್,” ಎಂದಳು ಹೆಂಡತಿ, ಬಿಡಿಸಿ ನೋಡಿ.

ಕ್ಲಾಸು ಶುರುವಾದ ವಾರದಲ್ಲೇ ಒಂದು ಮಧ್ಯಾಹ್ನ ಲಾಡ್ಜಿಗೆ ಫೋನ್ ಬಂತು. ನಿಮ್ಮ ಮಗಳು ಬಿದ್ದಿದ್ದಾಳೆ, ಗಾಬರಿಯಾಗಬೇಡಿ, ಬನ್ನಿ ಎಂದರು. ಗಾಬರಿಯಾಗಬೇಡಿ ಅಂದಮೇಲೆ ಗಾಬರಿಯಾಗದೆ ಇರುತ್ತದೆಯೇ? ಸಿಕ್ಕಿದ ಜೀಪು ಹತ್ತಿ, ವಂಡ್ಸೆಯಲ್ಲಿ ಹೆಂಡತಿಯನ್ನು ಹತ್ತಿಸಿಕೊಂಡು ಬ್ರಹ್ಮಾವರಕ್ಕೆ ಓಡಿದೆ. ಅಲ್ಲಿ ಮಗಳು ಒಂದು ಕೋಣೆಯ ಮಂಚದ ಮೇಲೆ ಕುಳಿತು ಎಳನೀರು ಕುಡಿಯುತ್ತಿದ್ದಳು. ಬಿಳಿ ಕೋಟು ಮೈಮೇಲೇ ಇತ್ತು.

“ಎಂತ ಆಯ್ತ್ ಹೆಣೆ?” ಎಂದೆ.

“ಅಪ್ಪಯ್ಯ, ಅದರ್ ಕೈ ನನ್ನ್ ಹೆಗ್ಲ್ ಮೇಲೆ ಬಿತ್ತ್.”

“ಯಾರ್ ಕೈ?” ಹೆಂಡತಿಯ ಸ್ವರ ಅಲ್ಲಿಗೇ ಏರಿತು. “ಯಾರಾ ಅಂವ? ಹೆಸರ್ ಹೇಳ್!”

“ಅಂವ ಅಲ್ಲ ಅಮ್ಮ. ಅಸ್ಥಿಪಂಜರ.”

ಆದದ್ದು ಇಷ್ಟು. ಪಾಠ ಮಾಡುವವರು ಒಂದು ತಟ್ಟೆಯಲ್ಲಿ ಎಲುಬುಗಳನ್ನು ತಂದು ಒಬ್ಬೊಬ್ಬರ ಅಂಗೈಗೆ ಒಂದೊಂದು ಇಟ್ಟು, ಇವು ನಿಜವಾದ ಮನುಷ್ಯರದ್ದು ಅಂದಿದ್ದಾರೆ. ಮಗಳ ಪಾಲಿಗೆ ಬೆನ್ನೆಲುಬಿನ ಒಂದು ಮಣಿ ಬಂದಿದೆ. ಅದನ್ನು ನೋಡಿ ಅವಳಿಗೆ ಕಣ್ಣು ಕತ್ತಲೆ ಬಂದು, ಬೀಳದ ಹಾಗೆ ಪಕ್ಕದಲ್ಲಿದ್ದದ್ದನ್ನು ಹಿಡಿದುಕೊಂಡಿದ್ದಾಳೆ. ಪಕ್ಕದಲ್ಲಿದ್ದದ್ದು ಕಬ್ಬಿಣದ ಕಂಬಕ್ಕೆ ತೂಗುಹಾಕಿದ್ದ ಪ್ಲಾಸ್ಟಿಕ್ಕಿನ ಅಸ್ಥಿಪಂಜರ. ಇಬ್ಬರೂ ಒಟ್ಟಿಗೆ ಬಿದ್ದಿದ್ದಾರೆ. ಅವಳ ಮೇಲೆ ಅದು. ಎಬ್ಬಿಸುವಾಗ ಅದರ ಬಲಗೈ ಕಿತ್ತು ಇವಳ ಹೆಗಲ ಮೇಲೇ ಉಳಿದಿತ್ತಂತೆ. ಫಿಸಿಯೋಥೆರಪಿ ಕಲಿಯಲು ಹೋದವಳು ಸೊಂಟ ಹಿಡಿದುಕೊಂಡು ಹೊರಗೆ ಬಂದಿದ್ದಳು.

ಶುರುವಿಗೆ ಎಲ್ಲರಿಗೂ ಹೀಗೇ, ಆಮೇಲೆ ಅಭ್ಯಾಸವಾಗುತ್ತದೆ ಎಂದು ಅಲ್ಲಿಯವರು ಸಮಾಧಾನ ಹೇಳಿದರು. ಮಗಳು ಎಳನೀರು ಮುಗಿಸಿ ಎದ್ದಳು. ವಾಪಸ್ ಬರುವಾಗ, ಕುಂದಾಪುರದ ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು.

“ಅಪ್ಪಯ್ಯ, ನಾ ಬಿಡ್ತೆ. ಮಂಚದ್ ಮೇಲೆ ಕೂಕಂಡೇ, ಬಿಡ್ತೆ ಅಂದೇಳಿ ಆಫೀಸಿಗೆ ಇ-ಮೇಲ್ ಹಾಕಿಯೂ ಆಯ್ತ್. ಕುಂದಾಪ್ರದ್ ಕಾಲೇಜಂಗೆ ಬಿ.ಎ.ಗೆ ಇನ್ನೂ ಸೀಟ್ ಇತ್ತಂಬ್ರ್. ಹಿಸ್ಟರಿ ತಕಂತೆ.”

“ಕಟ್ಟಿದ್ ದುಡ್ಡ್?” ಎಂದಳು ಹೆಂಡತಿ. ಬಸ್ಸಿನಲ್ಲಿ ಮುಂದಿನ ಸೀಟಿನವರೂ ತಿರುಗಿ ನೋಡಿದರು.

ಸಂಜೆ ಭಾವನಿಗೆ ಫೋನ್ ಮಾಡಿದೆ. ಫಿಸಿಯೋಥೆರಪಿ ಬಿಟ್ಟದ್ದಕ್ಕಿಂತ ಹಿಡಿದದ್ದು ಅವರಿಗೆ ದೊಡ್ಡ ಆಘಾತವಾಯಿತು. “ಹಿಸ್ಟರಿಯಾ? ಅದೆಲ್ಲ ಆಯಿ ಹೋದ್ದಲ್ದಾ ಮಾರಾಯ್ರೆ! ಈಗ ಕಲ್ತ್ ಎಂತ ಮಾಡುಕಿತ್ತ್?”

ಫೀಸು ವಾಪಸಿನ ನಿಯಮ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲೇ ಇತ್ತು. ಮಗಳು ಓದಿ ಹೇಳಿದಳು. ಅಡ್ಮಿಶನ್ ಮುಗಿಯುವುದರೊಳಗೆ ಬಿಟ್ಟವರಿಗೆ ಸಣ್ಣದೊಂದು ಕಚೇರಿ ಖರ್ಚು ಹಿಡಿದುಕೊಂಡು ಉಳಿದದ್ದೆಲ್ಲ ವಾಪಸ್. ಆಮೇಲೆ ಬಿಟ್ಟರೆ ವಾರ ಕಳೆದಂತೆ ಬಿಸಿಲಿಗಿಟ್ಟ ಐಸ್‌ಕ್ಯಾಂಡಿಯ ಹಾಗೆ ಕರಗುತ್ತಾ ಹೋಗಿ, ಕೊನೆಗೆ ಕಡ್ಡಿ ಮಾತ್ರ. ಅಡ್ಮಿಶನ್ ಇನ್ನೂ ನಡೆಯುತ್ತಿತ್ತು. ನಾವು ತಡಮಾಡದೆ ಹೊರಟೆವು.

ಫೀಸಿನ ಕೌಂಟರಿನಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು ಇದ್ದರು. ತಲೆಯಲ್ಲಿ ಅಬ್ಬಲಿಗೆ ಹೂವು, ಬಾಯಲ್ಲಿ ನಮ್ಮದೇ ಮಾತು. ವಿಷಯ ಕೇಳಿ, ಕಂಪ್ಯೂಟರಿನ ಪರದೆ ನೋಡಿ ಉದ್ದಕ್ಕೆ ನಿಟ್ಟುಸಿರು ಬಿಟ್ಟರು. ಅವರ ಬೆನ್ನ ಹಿಂದಿನ ಕಪಾಟಿನ ಗಾಜಿನಲ್ಲಿ ಪರದೆಯ ಪ್ರತಿಬಿಂಬ ಕಾಣುತ್ತಿತ್ತು. ಪರದೆಯಲ್ಲಿದ್ದದ್ದು ಮಾರಾಟದ ಸೀರೆಗಳು.

“ಹ್ವಾಯ್, ಇಷ್ಟ್ ಚಂದದ್ ಹೆಣ್ಣ್! ಎಂತಕೆ ಬಿಡ್ಸುದ್?” ಎಂದು ಕೌಂಟರಿನಿಂದ ಕೈ ಹೊರಗೆ ಚಾಚಿ ಮಗಳ ಗಲ್ಲ ಮುಟ್ಟಿದರು. “ಯಾವೂರಾಯ್ತ್ ನಿಮ್ಗೆ? ವಂಡ್ಸೆಯಾ? ನನ್ನ್ ಅತ್ತಿ ಮನಿ ಅಲ್ಲೇ ಹತ್ರ.”

ನಾನು ಮನಸ್ಸಿನಲ್ಲೇ ಕೈಮುಗಿದೆ. ಅಷ್ಟರಲ್ಲಿ ಟೀ ಬಂತು. ಟೀ ಕಂಡ ಕೂಡಲೇ ಇವತ್ತು ಕೆಲಸ ಆಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಗು ಬಂತು, ನಗುತ್ತಲೇ ಕುಡಿದೆ.

“ಸರ್ ಉಡ್ಪಿಗೆ ಹೋಯಿದ್ರ್. ಬಂದ್ ಕೂಡ್ಲೆ ಕೇಂತೆ. ಅಷ್ಟ್ರೊಳ್ಗೆ ಇದಕ್ಕೆ ಎಲ್ಲಾ ಕಡೆ ಸೈನ್ ಹಾಕ್ಸ್ಕಂಡ್ ಬನ್ನಿ,” ಎಂದು ಒಂದು ಹಾಳೆ ಕೊಟ್ಟರು.

“ಸರ್ ಮೇಲಿನ್ ಮಾಳ್ಗಿಯಂಗೇ ಇದ್ರ್,” ಎಂದೆ ಹೆಂಡತಿಯ ಕಿವಿಯಲ್ಲಿ.

“ನಿಮ್ಗೆ ಹ್ಯಾಂಗ್ ಗೊತ್ತ್?”

“ಗೊತ್ತ್.”

ಲೈಬ್ರರಿಯವರು ಸಹಿ ಹಾಕಿದರು, ಒಂದು ಪುಸ್ತಕವನ್ನೂ ಮುಟ್ಟದೆ ಹೋಗುತ್ತಿದ್ದೀಯಲ್ಲ ಎಂದು ಬೇಸರಪಟ್ಟುಕೊಂಡು. ಆಟದ ವಿಭಾಗದವನು ಬ್ಯಾಡ್ಮಿಂಟನ್ ರ‍್ಯಾಕೆಟ್ ವಾಪಸ್ ಕೊಡಿ ಅಂದ. ತೆಗೆದುಕೊಂಡೇ ಇಲ್ಲ ಅಂದರೆ, ತೆಗೆದುಕೊಂಡಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ ಅಂದ. ಮಗಳು ಸೊಂಟ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಅವನೂ ಸಹಿ ಹಾಕಿದ.

ಲ್ಯಾಬಿನಲ್ಲಿ ಮಾತ್ರ ಗಾಡಿ ನಿಂತಿತು. ಅಲ್ಲಿಯ ಉಸ್ತುವಾರಿ ದಾವಣಗೆರೆ ಕಡೆಯ ಒಬ್ಬ ಚಿಕ್ಕ ವಯಸ್ಸಿನ ಮೇಷ್ಟ್ರು. ಮೂಲೆಯಲ್ಲಿ ಅಸ್ಥಿಪಂಜರ ಎಂದಿನಂತೆ ತೂಗುತ್ತಿತ್ತು. ಅದರ ಬಲಗೈಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅದರದೇ ಕೊರಳಿಗೆ ನೇತುಹಾಕಿದ್ದರು, ಸಂತೆಗೆ ಹೊರಟವರ ಹಾಗೆ.

“ನೋಡಿ ಸಾರ್, ಕೈ ಸರಿ ಮಾಡಿಸಿಕೊಡಿ, ಸಹಿ ಹಾಕ್ತೀನಿ. ಇಲ್ಲಾಂದ್ರೆ ಹೊಸದರ ಪೂರ್ತಿ ರೇಟು ನಿಮ್ಮ ಫೀಸಲ್ಲಿ ಹಿಡೀತಾರೆ,” ಎಂದರು ಮೇಷ್ಟ್ರು. ಪಾಪ, ಅವರ ಮುಖದಲ್ಲೇ ಸಂಕೋಚ ಕಾಣುತ್ತಿತ್ತು.

ಈ ಸುದ್ದಿ ಬೈಂದೂರಿಗೆ ಮುಟ್ಟಿದ್ದೇ ಭಾವ ಎರಡನೆಯ ಸಲಕ್ಕೆ ತಾವೂ ಹೊರಟರು. “ಬಾಂಬೆಯಂಗೆ ಫ್ಯಾನ್, ಗ್ರೈಂಡರ್ ಎಲ್ಲ ನಾನೇ ರಿಪೇರಿ ಮಾಡ್ಕಂಡಿದ್ದ್. ಇದೆಂತ ಮಹಾ?” ಎಂದು ಬ್ರಹ್ಮಾವರದ ಹಾರ್ಡ್‌ವೇರ್ ಅಂಗಡಿಯಲ್ಲಿ ತಾಮ್ರದ ತಂತಿ, ಒಂದು ಇಕ್ಕಳ, ಎರಡು ಟ್ಯೂಬು ಬೆರೆಸಿ ಹಚ್ಚುವ ಅಂಟು ಕೊಂಡರು. ಅಂಗಡಿಯವನು ಯಾವುದಕ್ಕೆ ಎಂದು ಕೇಳಿದ. “ಕೈ ಜೋಡ್ಸುಕೆ,” ಎಂದರು ಭಾವ. ಅಂಗಡಿಯವನು ಭಾವನ ಎರಡೂ ಕೈಗಳನ್ನು ಒಮ್ಮೆ ನೋಡಿ ಚಿಲ್ಲರೆ ಎಣಿಸಿಕೊಟ್ಟ.

ಮೇಷ್ಟ್ರಿಗೆ ಕ್ಲಾಸಿತ್ತು. ಲ್ಯಾಬಿನ ಬಾಗಿಲು ತೆರೆದುಕೊಟ್ಟು ಹೋದರು. ಹೆಂಡತಿ ಅಸ್ಥಿಪಂಜರದ ಸೊಂಟ ಹಿಡಿದಳು, ಅದು ಅಲ್ಲಾಡದ ಹಾಗೆ ನಾನು ತಲೆ ಹಿಡಿದೆ. ಭಾವ ಕನ್ನಡಕ ಏರಿಸಿ ಕೆಲಸಕ್ಕೆ ಇಳಿದರು.

“ಇದ್ ಗಂಡಾ ಹೆಣ್ಣಾ?” ಎಂದಳು ಹೆಂಡತಿ.

“ಪ್ಲಾಸ್ಟಿಕ್,” ಎಂದರು ಭಾವ.

ಮಗಳು ಬಾಗಿಲ ಹೊರಗೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಒಳಗೆ ನೋಡುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಆದರೂ ಮಾತು ಕೇಳಿಸಿಕೊಳ್ಳುತ್ತಿದ್ದವಳು ಅಲ್ಲಿಂದಲೇ ಕೂಗಿದಳು.

“ಮಾವ, ಅಂಗೈ ಮುಂದ್ ಬರ್ಕ್, ಹೆಬ್ಬೆರ್ಳ್ ಹೊರ್ಗ್ ಬರ್ಕ್!”

“ನೀನ್ ಸುಮ್ನಿರ್. ಹಿಸ್ಟರಿಯರ್ ಇದ್ರಂಗೆ ಮಾತಾಡುಕಿಲ್ಲ.”

ಅಂಟು ಒಣಗಿತು. ಮೇಷ್ಟ್ರು ಬಂದು ನೋಡಿದರು. ಹತ್ತಿರ ಹೋಗಿ ನೋಡಿದರು. ತಮ್ಮದೇ ಬಲಗೈಯನ್ನು ಇಳಿಬಿಟ್ಟು ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿ ಹೋಲಿಸಿ ನೋಡಿದರು. ಅಸ್ಥಿಪಂಜರ ಬಲಗೈಯನ್ನು ಪೂರ್ತಿ ಹಿಂದುಮುಂದಾಗಿ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಹಿಂದಿನಿಂದ ಏನೋ ಇಸಿದುಕೊಳ್ಳುವವರಂತೆ ನಿಂತಿತ್ತು. ಮೇಷ್ಟ್ರಿಗೆ ನಗು ತಡೆಯಲಿಲ್ಲ. ಸ್ಟೂಲಿನ ಮೇಲೆ ಕುಳಿತೇಬಿಟ್ಟರು.

“ತೆಗೆದು ಸರಿ ಮಾಡ್ತೆ, ಕೊಡಿ ಇಲ್ಲಿ,” ಎಂದು ಭಾವ ಇಕ್ಕಳ ತೆಗೆದರು. ಅಂಟು ಜಪ್ಪಯ್ಯ ಅಂದರೂ ಬಿಡಲಿಲ್ಲ.

“ಬೇಡ ಸಾರ್, ಬೇಡ!” ಮೇಷ್ಟ್ರು ಎರಡೂ ಕೈ ಅಡ್ಡ ಹಿಡಿದರು. “ಇನ್ನೊಂದು ಕೈಯೂ ಹೋದೀತು. ಹೀಗೇ ಇರಲಿ. ಇದರಲ್ಲಿ ತಪ್ಪೇನು ಅಂತ ಹುಡುಗರಿಗೆ ಪರೀಕ್ಷೆಯಲ್ಲಿ ಕೇಳ್ತೀನಿ.” ಕಣ್ಣೊರೆಸಿಕೊಳ್ಳುತ್ತಾ ಸಹಿ ಹಾಕಿದರು. ಬಾಗಿಲ ಹೊರಗಿದ್ದ ಮಗಳಿಗೆ, “ನೀನು ಪಾಸಾಗ್ತಿದ್ದೆ ಕಣಮ್ಮಾ,” ಎಂದರು.

ಎಲ್ಲ ಸಹಿಯಾದ ಹಾಳೆ ಹಿಡಿದು ಕೌಂಟರಿಗೆ ಹೋದರೆ ಸರ್ ಮೀಟಿಂಗಿನಲ್ಲಿದ್ದರು. ಭಾವನಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವರಿಗೆ ಮುಂಬಯಿ ನೆನಪಾಗುತ್ತದೆ. “ಅರೆ ಮೇಡಮ್, ಐಸಾ ಕೈಸಾ ಚಲೇಗಾ? ಹಮಾರಾ ಪೈಸಾ ಹೈ!” ಎಂದು ಕೌಂಟರಿನ ಮೇಲೆ ಗುದ್ದಿದರು.

ಆ ಹೆಂಗಸು ಒಂದಿಷ್ಟೂ ಅಲುಗಲಿಲ್ಲ. “ಹ್ವಾಯ್, ನಿಮ್ಗೆ ಕನ್ನಡ ಬತ್ತಿಲ್ಯಾ? ಒಂಚೂರ್ ಕೂಕಣಿ, ಟೀ ಕುಡೀನಿ.”

ಭಾವ ಕುಳಿತು ಟೀ ಕುಡಿದರು. ಆ ದಿನವೂ ವಾಪಸ್ ಬಂದೆವು.

ರಾತ್ರಿ ಊಟ ಮಾಡುವಾಗ ನನಗೆ ಹೊಳೆಯಿತು. ನನ್ನನ್ನು ಸೋಲಿಸುವ ಗಿರಾಕಿಗಳು ಕೂಗಾಡುವವರಲ್ಲ. ಕೂಗಾಡುವವರಿಗೆ ಟೀ ಇದೆ. ಏನೂ ಹೇಳದೆ, ಗಂಟುಮೂಟೆ ಸಮೇತ ರಿಸೆಪ್ಷನ್ನಿನ ಸೋಫಾದಲ್ಲಿ ಕುಳಿತು, ಆಗಷ್ಟೇ ರೂಮು ಕೇಳಿಕೊಂಡು ಬರುವವರ ಜೊತೆ ಸುಖದುಃಖ ಮಾತಾಡಲು ಶುರುಮಾಡುತ್ತಾರಲ್ಲ, ಅವರಿಗೆ ನಾನು ಎರಡೂ ಕೈಯಲ್ಲಿ ದುಡ್ಡು ಕೊಟ್ಟು ಕಳಿಸಿಬಿಡುತ್ತೇನೆ.

“ನಾಳೆ ಯಾರೂ ಎಂತದೂ ಮಾತಾಡುಕಿಲ್ಲ,” ಎಂದೆ. “ಅಡ್ಮಿಶನ್ ಮಾಡ್ತ್ರಲೆ, ಅಲ್ಲ್ ಹೋಯಿ ಸುಮ್ನೆ ಕೂಕಂಬುದ್.”

“ಸುಮ್ನೆ ಕೂಕಂಬುಕೆ ನಂಗ್ ಆತಿಲ್ಲೆ,” ಎಂದಳು ಹೆಂಡತಿ. ಅದು ನನಗೂ ಗೊತ್ತಿತ್ತು. ಅದನ್ನೇ ನಂಬಿಕೊಂಡಿದ್ದೆ.

ಮರುದಿನ ಕೇಕ್ ಕತ್ತರಿಸುವ ಹಾಲಿನ ಸೋಫಾದಲ್ಲಿ ಸಾಲಾಗಿ ಕುಳಿತೆವು. ಭಾವನನ್ನು ಉಪಾಯ ಮಾಡಿ ಬೈಂದೂರಿನಲ್ಲೇ ಬಿಟ್ಟಿದ್ದೆವು. ಸ್ವಲ್ಪ ಹೊತ್ತಿಗೆ ಅಮಾಸೆಬೈಲಿನಿಂದ ಒಂದು ಸಂಸಾರ ಬಂತು. ಅಪ್ಪ, ಅಮ್ಮ, ಉದ್ದ ಜಡೆಯ ಒಬ್ಬ ಹುಡುಗಿ. ತಾಯಿ ನನ್ನ ಹೆಂಡತಿಯ ಪಕ್ಕದಲ್ಲೇ ಕುಳಿತಳು.

“ಯಾವ್ ಕೋರ್ಸಿಗೆ?” ಎಂದಳು ಹೆಂಡತಿ.

“ಫಿಸಿಯೋಥೆರಪಿ. ನಿಮ್ದ್?”

“ನಮ್ದೂ ಅದೇ. ಬಿಡ್ಸುಕೆ ಬಂದದ್.”

ಅಮಾಸೆಬೈಲಿನ ಅಪ್ಪ ತನ್ನ ಮೊಬೈಲನ್ನು ಮೆಲ್ಲಗೆ ಕಿಸೆಗೆ ಹಾಕಿಕೊಂಡ. ಎಂತಕ್ಕೆ ಎಂದು ಅವನ ಹೆಂಡತಿ ಕೇಳಿದಳು. ನನ್ನವಳು ಸುಳ್ಳು ಹೇಳುವವಳಲ್ಲ, ದೂರುವವಳೂ ಅಲ್ಲ. ಕಾಲೇಜು ಒಳ್ಳೆಯದೇ, ಕೊಡೆಯೂ ಗಟ್ಟಿ, ಎಲುಬು ಮಾತ್ರ ನಿಜದ್ದು ಎಂದು ಶುರುಮಾಡಿ, ಅಸ್ಥಿಪಂಜರ ಬಿದ್ದದ್ದು, ಕೈ ಕಿತ್ತದ್ದು, ತಾನು ಅದರ ಸೊಂಟ ಹಿಡಿದದ್ದು, ಎಲ್ಲವನ್ನೂ ಕೈಬಾಯಿ ತಿರುಗಿಸಿ ಹೇಳಿದಳು. ಹಿಂದಿನ ಸಾಲಿನವರು ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಕೇಕಿನ ಹತ್ತಿರ ಚಾಕು ಹಿಡಿದು ನಿಂತಿದ್ದವನೂ ಅದನ್ನು ಕೆಳಗಿಟ್ಟು ಬಂದ.

ಅಬ್ಬಲಿಗೆ ಮುಡಿದ ಹೆಂಗಸು ಕೌಂಟರಿನಿಂದ ಇಣುಕಿ ನೋಡಿ ಮಹಡಿ ಮೆಟ್ಟಿಲು ಹತ್ತಿದರು. ಮರುಕ್ಷಣವೇ ಟೈ ಕಟ್ಟಿದ ಸರ್ ಇಳಿದು ಬಂದರು. ಮೀಟಿಂಗ್ ಮುಗಿದಿತ್ತು. “ಬನ್ನಿ ಬನ್ನಿ, ನಿಮ್ಮನ್ನು ಯಾಕೆ ಇಲ್ಲಿ ಕೂರಿಸಿದ್ದಾರೆ?” ಎಂದು ನಮ್ಮನ್ನು ಒಳಗೆ ಕರೆದುಕೊಂಡು ಹೋದರು.

ಅಡ್ಮಿಶನ್ನಿನ ಗಡುವು ಮೊನ್ನೆಯೇ ಮುಗಿಯಿತು, ಈಗ ನಡೆಯುತ್ತಿರುವುದು ಉಳಿದ ಸೀಟುಗಳದ್ದು, ಕೊನೆಯ ಸಹಿ ಬಿದ್ದ ದಿನದಿಂದ ಲೆಕ್ಕ ಹಿಡಿದರೆ ಒಂದು ಪಾಲು ಕಡಿತವಾಗುತ್ತದೆ ಎಂದು ಅವರು ಹೇಳಿ ನೋಡಿದರು. ಹೆಂಡತಿ ಹೊರಗಿನ ಹಾಲ್ ಕಡೆ ಒಮ್ಮೆ ತಿರುಗಿ ನೋಡಿದಳು, ಅಷ್ಟೆ. ಮಗಳು ಮೆತ್ತಗೆ, “ಸರ್, ನಾನು ಬಿದ್ದ ದಿನವೇ ಮೇಲ್ ಹಾಕಿದ್ದೆ,” ಅಂದಳು. ಸರ್ ಹುಡುಕಿ ನೋಡಿದರು. “ಇದೆ. ಹಾಗಾದರೆ ನಿಯಮದ ಪ್ರಕಾರ ಇದೇ ದಿನಾಂಕ,” ಎಂದು, ಕಚೇರಿ ಖರ್ಚು ಬಿಟ್ಟು ಉಳಿದದ್ದನ್ನೆಲ್ಲ ಕೊಡಲು ಬರೆದುಕೊಟ್ಟರು.

ಹೊರಗೆ ಬಂದಾಗ ಅಮಾಸೆಬೈಲಿನ ಆ ಹುಡುಗಿ ನನ್ನ ಮಗಳನ್ನು ಕಾದು ನಿಂತಿದ್ದಳು. ಅಪ್ಪ ಅಮ್ಮ ಇಬ್ಬರೂ ಬೇಡ, ಮನೆಗೆ ಹೋಗೋಣ ಎಂದು ಅವಳ ಕೈ ಎಳೆಯುತ್ತಿದ್ದರು.

“ಅಕ್ಕಾ, ನಿಜದ್ ಎಲುಬ್ ಕೈಯಂಗೇ ಕೊಡ್ತ್ರಾ?”

“ಹ್ಞೂಂ. ಮೊದಲ್ನೇ ವಾರವೇ.”

ಹುಡುಗಿಯ ಮುಖ ದೀಪ ಹಚ್ಚಿದ ಹಾಗಾಯಿತು. “ಅಪ್ಪಯ್ಯ, ನಂಗ್ ಇದೇ ಆಯ್ಕ್!” ಎಂದು ಕೇಕಿನ ಕಡೆ ನಡೆದೇಬಿಟ್ಟಳು. ಅವಳಷ್ಟು ಖುಷಿಯಿಂದ ಎಲುಬಿನ ಹತ್ತಿರ ಹೋಗುವವರನ್ನು ನಾನು ಕಂಡಿಲ್ಲ. ನನ್ನ ಮಗಳು ಬ್ಯಾಗಿನಿಂದ ತನ್ನ ಬಿಳಿ ಕೋಟು ತೆಗೆದು ಅವಳಿಗೆ ಕೊಟ್ಟಳು. ಅಳತೆ ಸರಿಯಾಗಿತ್ತು.

ನಾವು ಹೊರಡುವಾಗ ಕೌಂಟರಿನ ಹೆಂಗಸು ನನ್ನನ್ನು ಕರೆದರು. “ಹ್ವಾಯ್, ನಿಮ್ಗೆ ಕೆಲ್ಸ ಎಲ್ಲಿ?”

“ಕೊಲ್ಲೂರಂಗೆ. ಲಾಡ್ಜ್ ಮ್ಯಾನೇಜರ್.”

ಅವರು ಕೌಂಟರಿನ ಮೇಲೆ ಕೈ ತಟ್ಟಿದರು. “ಹಾಂಗೆ ಹೇಳಿ! ನಾ ಆವತ್ತೇ ಎಣ್ಸಿದೆ, ಈ ಜನ ಟೀ ಕುಡಿತಾ ಹೀಂಗ್ ಎಂತಕೆ ನೆಗಾಡ್ತ್ರ್ ಅಂದೇಳಿ.” ಇಬ್ಬರೂ ಮನಸಾರೆ ನಕ್ಕೆವು.

ಮುಂದಿನ ತಿಂಗಳು ಹಣ ಖಾತೆಗೆ ಬಂತು. ಕಚೇರಿ ಖರ್ಚಿನ ಜೊತೆಗೆ ‘ಪ್ರಯೋಗಾಲಯ ಸಾಮಗ್ರಿ ದುರಸ್ತಿ’ ಎಂದು ಇನ್ನೊಂದು ಸಣ್ಣ ಮೊತ್ತ ಕಡಿತವಾಗಿತ್ತು. ಭಾವನ ಸಿಟ್ಟು ಈಗಲೂ ಇಳಿದಿಲ್ಲ. “ರಿಪೇರಿ ಮಾಡಿದ್ದ್ ನಾನ್, ಚಾರ್ಜ್ ಅವ್ರಿಗಾ?” ಎಂದು ಬೈಂದೂರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಾರೆ. ಅದನ್ನು ಕೇಳಲು ಒಂದು ನಿಯೋಗ ಕಟ್ಟಿಕೊಂಡು ಬ್ರಹ್ಮಾವರಕ್ಕೆ ಹೋಗಬೇಕೆಂದಿದ್ದರು. ನಾವು ಒಪ್ಪಲಿಲ್ಲ.

ಮಗಳು ಈಗ ಕುಂದಾಪುರದಲ್ಲಿ ಎರಡನೆಯ ವರ್ಷದ ಬಿ.ಎ. ಬಸ್ರೂರಿನ ಕಡೆ ಹಳೆಯ ಶಾಸನದ ಕಲ್ಲುಗಳನ್ನು ನೋಡಲು ಕಾಲೇಜಿನಿಂದ ಕರೆದುಕೊಂಡು ಹೋಗಿದ್ದರು. ಬಂದವಳು ಕಾಲು ತೊಳೆಯುವ ಮೊದಲೇ ನನ್ನ ಮುಂದೆ ಕುಳಿತು, ಒಂದು ಕಲ್ಲಿನ ಮೇಲಿನ ಅಕ್ಷರಗಳನ್ನು ತಾನೇ ಕೂಡಿಸಿ ಕೂಡಿಸಿ ಓದಿದ್ದನ್ನು ಹೇಳಿದಳು. ಪೂರ್ತಿ ಗೊತ್ತಾಗಲಿಲ್ಲವಂತೆ. ಒಂದು ಸಾಲು ಸವೆದುಹೋಗಿದೆಯಂತೆ. ಬೆಳಿಗ್ಗೆಯ ಓರೆ ಬಿಸಿಲಿನಲ್ಲಿ ನೋಡಿದರೆ ಕಾಣಬಹುದು ಎಂದು ಅವಳ ಮೇಷ್ಟ್ರು ಹೇಳಿದ್ದಾರೆ. ಬರುವ ಭಾನುವಾರ ನನ್ನನ್ನು ಕರೆದುಕೊಂಡು ಹೋಗುತ್ತಾಳಂತೆ. ರಜೆ ಕೇಳಿದ್ದೇನೆ.